ಇನ್ನೂರ ಹತ್ತು ಕೆಳಗೆ

ನನ್ನ ರಿಜಿಸ್ಟರಿನಲ್ಲಿ ಹದಿನಾಲ್ಕು ತಿಂಗಳ ಸೊನ್ನೆಗಳಿವೆ. ಪ್ರತಿ ತಿಂಗಳ ಮೊದಲ ಸೋಮವಾರಕ್ಕೆ ಒಂದೊಂದು. ದುಂಡಗೆ, ನೀಟಾಗಿ ಬರೆದಿದ್ದೇನೆ. ಕೈಬರಹದ ಬಗ್ಗೆ ನನಗೆ ಮೊದಲಿನಿಂದಲೂ ಜಂಬ. ಆ ಪುಟವನ್ನು ಹರಿದು ಸಮುದ್ರಕ್ಕೆ ಎಸೆದುಬಿಡೋಣ ಎಂದು ಎಷ್ಟೋ ಸಲ ಅನಿಸಿದೆ. ಎಸೆದಿಲ್ಲ. ದಿನಕ್ಕೊಮ್ಮೆ ತೆರೆದು ನೋಡಿ ಮುಚ್ಚಿಡುತ್ತೇನೆ.

ಪೈತಾ ಬಂದರಿನ ಹಿಂದಿನ ಓಣಿಯಲ್ಲಿ ನನ್ನ ವರ್ಕ್‌ಶಾಪಿದೆ. ಹೆಸರು ನೊಲ್ಬೆರ್ತೊ ಬಂಕಯಾನ್, ವಯಸ್ಸು ಐವತ್ತೊಂಬತ್ತು. ದೋಣಿಗಳ ರೇಡಿಯೊ ಸರಿಯಾದ ಫ್ರೀಕ್ವೆನ್ಸಿಯಲ್ಲಿ ಮಾತಾಡುತ್ತಿದೆಯೇ ಎಂದು ಅಳೆದು ನೋಡುತ್ತೇನೆ. ಇಲ್ಲವಾದರೆ ಒಳಗಿರುವ ಹರಳಿನ ಪಕ್ಕದ ಸಣ್ಣ ತಿರುಪನ್ನು ಕೂದಲೆಳೆಯಷ್ಟು ತಿರುಗಿಸಿ, ಸರ್ಟಿಫಿಕೇಟಿಗೆ ಮುದ್ರೆ ಒತ್ತಿ ಕೊಡುತ್ತೇನೆ. ನನ್ನ ಮುದ್ರೆಯಿಲ್ಲದೆ ನಮ್ಮ ಕಡೆಯ ಯಾವ ದೋಣಿಯೂ ಬೊಂಡಾಸ್ ಮೀನು ಹಿಡಿಯಲು ದೂರದ ನೀರಿಗೆ ಹೋಗುವಂತಿಲ್ಲ.

ಅಳೆಯುವುದಕ್ಕೆ ನನ್ನಲ್ಲಿರುವುದು ಫ್ರೀಕ್ವೆನ್ಸಿ ಎಣಿಸುವ ಒಂದೇ ಕೌಂಟರ್. ಹಳೆಯ ಕಬ್ಬಿಣದ ಪೆಟ್ಟಿಗೆ, ಎತ್ತಿದರೆ ಸೊಂಟ ಹಿಡಿದುಕೊಳ್ಳುವಷ್ಟು ಭಾರ. ಅದರ ಹೊಟ್ಟೆಯಲ್ಲೂ ಒಂದು ಹರಳು, ಸೆಕೆಂಡಿಗೆ ಒಂದು ಕೋಟಿ ಸಲ ಮಿಡಿಯುತ್ತದೆ. ನಮ್ಮ ಕರಾವಳಿಯ ಅಷ್ಟೂ ರೇಡಿಯೊಗಳಿಗೆ ಆ ಮಿಡಿತವೇ ಆಧಾರ. ಹರಳು ಬಹಳ ನಾಜೂಕಿನದು. ಥಂಡಿ ತಾಗಿದರೆ ಲೆಕ್ಕ ತಪ್ಪುತ್ತದೆ. ಅದಕ್ಕೇ ಅದನ್ನು ಬೆಂಕಿಪೊಟ್ಟಣದಷ್ಟು ದೊಡ್ಡ ವಿದ್ಯುತ್ ಒಲೆಯೊಳಗೆ ಕೂರಿಸಿ ಹಗಲೂ ರಾತ್ರಿ ಒಂದೇ ಹದಕ್ಕೆ ಬಿಸಿಯಾಗಿಟ್ಟಿರುತ್ತಾರೆ. ಕೌಂಟರನ್ನು ಆರಿಸಿದರೂ ಒಲೆ ಮಾತ್ರ ಉರಿಯುತ್ತಲೇ ಇರಬೇಕು. ನನಗೆ ಕೆಲಸ ಕಲಿಸಿದ ದೋನ್ ಕ್ರಿಸಾಂತೊ ಹೇಳುತ್ತಿದ್ದರು: "ಹೆಂಡ್ತಿ ಮುನಿಸ್ಕೊಂಡು ತವರಿಗೆ ಹೋದ್ರೂ ಚಿಂತೆ ಇಲ್ಲ ಕಣಯ್ಯ, ಇದರ ಒಲೆ ಮಾತ್ರ ಆರಬಾರ್ದು." ಅವರ ಹೆಂಡತಿ ನಿಜಕ್ಕೂ ಹೋದರು, ಒಲೆ ಆರಲಿಲ್ಲ. ಅವರು ತೀರಿಕೊಂಡ ಮೇಲೆ ನಾನೂ ಹಾಗೆಯೇ ನೋಡಿಕೊಂಡೆ. ಪ್ಲಗ್ಗಿನ ಮೇಲೆ ಚೀಟಿ ಅಂಟಿಸಿದ್ದೇನೆ: ಇದನ್ನು ಕಿತ್ತವರ ಕೈ ಮುರಿಯುತ್ತೇನೆ. ಗೋರ್ದಾ ಎಂಬ ನನ್ನ ದಪ್ಪ ಬೆಕ್ಕು ಆ ಬೆಚ್ಚನೆಯ ಪೆಟ್ಟಿಗೆಯ ಮೇಲೆಯೇ ಮಲಗುತ್ತಿತ್ತು.

ಪೈತಾದಿಂದ ದಕ್ಷಿಣಕ್ಕೆ ಒಂದು ಗಂಟೆ ಮರಳುದಾರಿಯಲ್ಲಿ ಹೋದರೆ ಲಾ ಗರ್ಸಾ ಎಂಬ ಮೀನುಗಾರರ ಕೇರಿ ಸಿಗುತ್ತದೆ. ನಲವತ್ತು ದೋಣಿಗಳ ಕೇರಿ. ನಮ್ಮ ಕಡೆ ದೂರದ ನೀರಿಗೆ ಹೋಗುವ ದೋಣಿಗಳೆಲ್ಲ ಅಲ್ಲಿಯವೇ. ಅಲ್ಲಿ ಗಂಡಸರು ಹದಿನೈದು ಹದಿನೈದು ದಿನ ಕಡಲಲ್ಲಿದ್ದರೆ, ದಡದಲ್ಲಿ ರೇಡಿಯೊ ಹಿಡಿದು ಕೂರುವವರು ಹೆಂಗಸರು. ಅವರ ಪೈಕಿ ಹೆರ್ಮೆಲಿಂದಾ ಎಚೆಯ ದನಿಯೇ ದನಿ. ಬೆಳಿಗ್ಗೆ ಆರು, ಮಧ್ಯಾಹ್ನ ಹನ್ನೆರಡು, ಸಂಜೆ ಆರು. ದಿನಕ್ಕೆ ಮೂರು ಸಲ ಒಂದೊಂದೇ ದೋಣಿಯನ್ನು ಹೆಸರು ಹಿಡಿದು ಕರೆದು, ಗಾಳಿ ಹೇಗಿದೆ, ಯಾರ ಮನೆಯಲ್ಲಿ ಹೆರಿಗೆಯಾಯಿತು, ಯಾರ ಅತ್ತೆ ಯಾರಿಗೆ ಬೈದಳು, ಎಲ್ಲವನ್ನೂ ಹೇಳುತ್ತಿದ್ದಳು. ನಡುವಿನ ಹೊತ್ತಿನಲ್ಲಿ ಬೇರೆ ಹೆಂಗಸರು ರೇಡಿಯೊ ಆರಿಸಿದರೂ ಅವಳ ಅಡುಗೆಮನೆಯದು ಆರುತ್ತಿರಲಿಲ್ಲ. ಅವಳ ಗಂಡ ತೆಯೋದುಲೊ 'ಪೋರ್ಫಿಯಾ' ಎಂಬ ದೋಣಿಯ ಯಜಮಾನ. ಅವರ ಮಗಳ ದೀಕ್ಷಾಸ್ನಾನದ ದಿನ ಮಗುವನ್ನು ಎತ್ತಿ ಹಿಡಿದವನು ನಾನು. ಅಂದಿನಿಂದ ನಾನು ಅವರಿಗೆ ಕೊಂಪಾದ್ರೆ, ಅವಳು ನನಗೆ ಕೊಮಾದ್ರೆ. ನಮ್ಮ ಕಡೆ ಈ ಸಂಬಂಧ ರಕ್ತಸಂಬಂಧಕ್ಕಿಂತ ಒಂದು ಕೈ ಮೇಲೆಯೇ ಹೊರತು ಕೆಳಗಲ್ಲ.

ಆಗಸ್ಟಿನಲ್ಲಿ ಪೋರ್ಫಿಯಾ ಮುಳುಗಿತು. ನಾಲ್ವರಲ್ಲಿ ಬದುಕಿ ಬಂದವನು ಅಡುಗೆಯ ಸಾಂತೋಸ್ ಒಬ್ಬನೇ. ಒಂಬತ್ತನೆಯ ದಿನ ಬೇರೆ ದೋಣಿಯವರು ಅವನನ್ನು ಮಗುಚಿದ ದೋಣಿಯ ಬೆನ್ನಿನ ಮೇಲಿಂದ ಎತ್ತಿಕೊಂಡರು. ಆಸ್ಪತ್ರೆಯಿಂದ ಬಿಟ್ಟ ಮರುದಿನವೇ, ತುಟಿ ಒಡೆದು ರಕ್ತ ಹೆಪ್ಪುಗಟ್ಟಿದ್ದ ಮುಖದಲ್ಲಿ, ಅವನು ಹೆರ್ಮೆಲಿಂದಾಳ ಮನೆಗೆ ಬಂದ. ನಾನೂ ಅಲ್ಲಿದ್ದೆ. ಕೇರಿಯ ಅರ್ಧ ಜನ ಬಾಗಿಲಲ್ಲಿ ನಿಂತಿದ್ದರು.

"ಊಟ ಆಗಿ ಪಾತ್ರೆ ತೊಳೀತಿದ್ದೆ," ಎಂದ ಸಾಂತೋಸ್. "ಎರಡು ಗಂಟೆ ಆಗಿತ್ತೇನೋ. ಒಂದು ಅಲೆ ಬಂದು ಹಿಂದುಗಡೆ ಹಲಗೆ ಒಡೀತು. ನೀರು ಒಳಗೇ ಬಂತು. ಯಜಮಾನ್ರು ರೇಡಿಯೊ ಹಿಡ್ಕೊಂಡು ಎರಡು ಸಲ ಕೂಗಿದ್ರು. ಹೆರ್ಮೆ, ಹೆರ್ಮೆ ಅಂತ. ಉತ್ತರ ಬರ್ಲಿಲ್ಲ."

ಹೆರ್ಮೆಲಿಂದಾ ನೆಲ ನೋಡುತ್ತಿದ್ದಳು. ಆ ದಿನ ಹನ್ನೆರಡರ ಕರೆ ಮುಗಿಸಿ, ತಲೆ ಸಿಡಿಯುತ್ತಿದೆ ಎಂದು ರೇಡಿಯೊ ಆರಿಸಿ ಮೂರು ಗಂಟೆಯವರೆಗೂ ಮಲಗಿದ್ದಳು. ಹನ್ನೊಂದು ವರ್ಷದಲ್ಲಿ ಮೊದಲ ಸಲ. ಅದು ಇಡೀ ಕೇರಿಗೆ ಗೊತ್ತಿತ್ತು. ಬಾಗಿಲಲ್ಲಿ ಯಾರೋ ನಿಟ್ಟುಸಿರು ಬಿಟ್ಟರು, ಬೇಕೆಂದೇ ಸ್ವಲ್ಪ ಗಟ್ಟಿಯಾಗಿ.

"ಆಮೇಲೆ ರೇಡಿಯೊದಲ್ಲಿರೋ ಮುಚ್ಚಳ ಎತ್ತಿ ಅಪಾಯದ ಕೆಂಪು ಗುಂಡಿ ಒತ್ತಿದ್ರು," ಎಂದ ಸಾಂತೋಸ್. "ದೀಪ ಐದು ಸಲ ಮಿಣುಕ್ತು. ಕಳಿಸಿದೆ ಅಂತ ಪರದೆ ಮೇಲೆ ಬಂತು. ನಾನೇ ಕಣ್ಣಾರೆ ನೋಡ್ದೆ. ಅಷ್ಟರಲ್ಲಿ ದೋಣಿ ಮಗುಚ್ಕೊಳ್ತು. ನಾಲ್ಕೂ ಜನ ಅದರ ಬೆನ್ನು ಹತ್ತಿದ್ವಿ."

ಅವನು ನೀರು ಕೇಳಿದ. ಕುಡಿದ ಮೇಲೂ ಲೋಟ ಕೆಳಗಿಡಲಿಲ್ಲ.

"ಎರಡನೇ ದಿನ ದೂರದಲ್ಲಿ ಒಂದು ಹಡಗು ಕಾಣಿಸ್ತು. ಹಲಗೆ ಹಿಡ್ಕೊಂಡು ಈಜೋಣ, ಇಬ್ಬರಾದ್ರೂ ಹೋಗೋಣ ಅಂದೆ ನಾನು. ಯಜಮಾನ್ರು ಬಿಡ್ಲಿಲ್ಲ. ಗುಂಡಿ ಒತ್ತಿದೀನಿ, ದೋಣಿ ಎಲ್ಲಿದೆ ಅನ್ನೋದು ಅವರಿಗೆ ಗೊತ್ತು, ಇಲ್ಲಿಗೇ ಬರ್ತಾರೆ, ಯಾರೂ ಅಲ್ಲಾಡಬೇಡಿ ಅಂದ್ರು." ನನ್ನ ಕಡೆ ತಿರುಗಿದ. "ನಮ್ಮ ನೊಲ್ಬೆರ್ತೊ ಮುದ್ರೆ ಇರೋ ರೇಡಿಯೊ ಇದು, ತಪ್ಪೋ ಮಾತೇ ಇಲ್ಲ ಅಂದ್ರು ಮಾಸ್ಟ್ರೋ."

ಆಗ ನನಗೆ ಏನನಿಸಿತು ಎಂದು ಮುಚ್ಚಿಡುವುದಿಲ್ಲ. ಹೆಮ್ಮೆ ಅನಿಸಿತು. ಅದರ ಬೆನ್ನಿಗೇ ಸಿಟ್ಟು. ನನ್ನ ಮುದ್ರೆಯ ರೇಡಿಯೊ ಐದು ಸಲ ಕೂಗಿದೆ, ಕರಾವಳಿ ರೇಡಿಯೊ ಠಾಣೆಯಲ್ಲಿ ಕೇಳಬೇಕಾದವರು ಕಾಲು ಚಾಚಿ ಮಲಗಿದ್ದಾರೆ. ಎದ್ದು ನಿಂತು ಎಲ್ಲರಿಗೂ ಕೇಳುವಂತೆ ಹೇಳಿದೆ: "ಕೊಮಾದ್ರೆ, ಇದರಲ್ಲಿ ನಿನ್ನ ತಪ್ಪು ಒಂದು ಸಾಸಿವೆಯಷ್ಟೂ ಇಲ್ಲ. ಗುಂಡಿಯ ಕೂಗು ಕೇಳ್ಬೇಕಾದವರು ಅವರು. ನಾಳೆ ಹೋಗಿ ಅವರ ಚರ್ಮ ಸುಲೀದೆ ಇದ್ರೆ ನನ್ನ ಹೆಸರು ಬಂಕಯಾನ್ ಅಲ್ಲ."

ಹೆರ್ಮೆಲಿಂದಾ ತಲೆ ಎತ್ತಿ ನೋಡಿದಳು. ಅಳುವಿಗಿಂತ ಹೆಚ್ಚಾಗಿ ಆಸೆ ಇತ್ತು ಆ ಮುಖದಲ್ಲಿ. "ನಿಜ ತಿಳ್ಕೊಂಡು ಬನ್ನಿ ಕೊಂಪಾದ್ರೆ," ಎಂದಳು. "ಏನೇ ಇದ್ರೂ ನನಗೆ ಬಂದು ಹೇಳಿ. ನಾನು ಮಲಗಿದ್ದಕ್ಕೇ ಅವ್ರು ಹೋದ್ರು ಅಂತ ಎಲ್ರೂ ಅಂತಾರೆ. ನನಗೂ ಹಾಗೇ ಅನ್ಸುತ್ತೆ."

ಮರುದಿನ ಪೋರ್ಫಿಯಾದ ಸರ್ಟಿಫಿಕೇಟಿನ ನಕಲನ್ನು ಜೇಬಿನಲ್ಲಿಟ್ಟುಕೊಂಡು ಬಸ್ಸು ಹತ್ತಿದೆ. ಠಾಣೆ ಗುಡ್ಡದ ಮೇಲಿದೆ, ಉಪ್ಪು ತಿಂದ ಗೋಡೆಗಳ ಎರಡು ಕೋಣೆ. ಒಳಗೆ ದಪ್ಪ ಕನ್ನಡಕದ ಇಪನಾಕೆ ಎಂಬ ಆಪರೇಟರ್ ಕೂತಿದ್ದ.

"ಏನ್ರೀ, ಹನ್ನೆರಡನೇ ತಾರೀಕು ಮಧ್ಯಾಹ್ನ ಎರಡು ಗಂಟೆಗೆ ಎಲ್ಲಿದ್ರಿ?" ಎಂದು ಬಾಗಿಲಿನಿಂದಲೇ ಶುರು ಮಾಡಿದೆ. "ಹೊಟ್ಟೆ ತುಂಬ ಸೆವಿಚೆ ತಿಂದು ಗೊರಕೆ ಹೊಡೀತಿದ್ರಾ? ಮೂರು ಜನ ಸತ್ತಿದಾರೆ ಕಣ್ರೀ!"

ಸರ್ಟಿಫಿಕೇಟನ್ನು ಅವನ ಮೇಜಿನ ಮೇಲೆ ಬಡಿದೆ. ಇನ್ನೂ ಏನೇನೋ ಬಾಯಿಗೆ ಬಂದಂತೆ ಬೈದೆ. ಅವನು ನನ್ನ ಉಸಿರು ಮುಗಿದ ಮೇಲೆ ಕುರ್ಚಿ ಎಳೆದುಕೊಟ್ಟ.

"ಕೂತ್ಕೊಳಿ ಮಾಸ್ಟ್ರೋ. ನಾನೂ ಆ ದಿನದ್ದು ನಾಲ್ಕು ಸಲ ತೆಗೆದು ನೋಡಿದೀನಿ."

ಪರದೆಯನ್ನು ನನ್ನ ಕಡೆ ತಿರುಗಿಸಿದ. ಆಕಾಶದಿಂದ ಬಂದದ್ದೆಲ್ಲ ಅದರಲ್ಲಿ ಗೆರೆಗೆರೆಯಾಗಿ ಅಚ್ಚಾಗಿತ್ತು. ನಡುವೆ ಒಂದು ಹಳದಿ ಗುರುತು. ಅದರಿಂದ ಸ್ವಲ್ಪ ಕೆಳಗೆ, ಎರಡು ಗಂಟೆ ಹದಿನೇಳು ನಿಮಿಷಕ್ಕೆ, ಒತ್ತೊತ್ತಾಗಿ ಐದು ಪುಟ್ಟ ಗೆರೆಗಳು.

"ನಮ್ಮ ಯಂತ್ರ ಕಿವಿ ಇಟ್ಕೊಂಡಿರೋದು ಈ ಹಳದಿ ಗುರುತಿನ ಹತ್ರ," ಎಂದ ಇಪನಾಕೆ. "ಹತ್ತಿಪ್ಪತ್ತು ಹರ್ಟ್ಸ್ ಆಚೀಚೆ ಆದ್ರೆ ಓದ್ಕೊಳ್ಳುತ್ತೆ, ಗಂಟೆ ಹೊಡಿಯುತ್ತೆ. ಇದು ಇನ್ನೂರ ಹತ್ತು ಕೆಳಗಿದೆ. ಯಂತ್ರದ ಪಾಲಿಗೆ ಇದು ಕರೆ ಅಲ್ಲ, ಗದ್ದಲ."

"ಸಾಧ್ಯವೇ ಇಲ್ಲ. ಸರ್ಟಿಫಿಕೇಟ್ ನೋಡಿ. ಒಂದು ಹರ್ಟ್ಸ್ ಕೂಡ ವ್ಯತ್ಯಾಸ ಇಲ್ಲ."

"ಅದೇ ವಿಚಿತ್ರ," ಎಂದ ಅವನು. ಕನ್ನಡಕ ತೆಗೆದು ಒರೆಸಿಕೊಂಡ. "ಒಂದು ವರ್ಷದ ಮೇಲಾಯ್ತು, ಯಾವಾಗ್ಲಾದ್ರೂ ಕೈಯಿಂದ ಕೆಳಗೆ ತಿರುಗಿಸಿ ನೋಡಿದ್ರೆ ಲಾ ಗರ್ಸಾ ದೋಣಿಗಳ ಮಾತೆಲ್ಲ ಅಲ್ಲೇ ಕೇಳ್ಸುತ್ತೆ, ಇನ್ನೂರು ಚಿಲ್ಲರೆ ಕೆಳಗೆ. ಎಲ್ರೂ ಅಲ್ಲೇ ಒಟ್ಟಿಗೆ ಕೂತು ಹರಟ್ತಾರೆ, ನಗ್ತಾರೆ. ಬೊಂಡಾಸ್ ಸಿಕ್ಕಿದ ಜಾಗ ಬೇರೆಯವರಿಗೆ ಗೊತ್ತಾಗ್ಬಾರ್ದು ಅಂತ ಬೇಕಂತಲೇ ಪಕ್ಕಕ್ಕೆ ಸರ್ಕೊಂಡಿದಾರೆ ಅಂದ್ಕೊಂಡಿದ್ದೆ. ಎಷ್ಟು ಚಾಲಾಕಿ ಜನ ಅಂತ ನಕ್ಕೂ ಇದ್ದೆ."

ಒಂದು ದೋಣಿಯಲ್ಲ, ಎಲ್ಲ ದೋಣಿಗಳೂ. ಎಲ್ಲವೂ ಒಂದೇ ಕಡೆಗೆ, ಒಂದೇ ಅಳತೆಯಷ್ಟು. ಅಷ್ಟೂ ದೋಣಿಗಳಿಗೆ ಸಮಾನವಾದ ವಸ್ತು ಒಂದೇ ಒಂದಿತ್ತು, ನನ್ನ ಕೌಂಟರ್. ಸರ್ಟಿಫಿಕೇಟನ್ನು ಮಡಚಿ ಜೇಬಿಗಿಟ್ಟುಕೊಂಡು ಹೊರಗೆ ಬಂದೆ.

ವರ್ಕ್‌ಶಾಪಿನ ಬಾಗಿಲು ತೆಗೆದವನು ನೇರ ಹೋಗಿ ಕೌಂಟರಿನ ಬೆನ್ನ ಮೇಲೆ ಅಂಗೈ ಇಟ್ಟೆ. ತಣ್ಣಗಿತ್ತು. ಕಬ್ಬಿಣದ ಯಾವ ಡಬ್ಬವಾದರೂ ಇರುವಷ್ಟು ತಣ್ಣಗೆ. ಗೋರ್ದಾ ಕಿಟಕಿಯ ಬಿಸಿಲಿನಲ್ಲಿ ಮಲಗಿತ್ತು. ಹೋದ ವರ್ಷ ಜೂನಿನಿಂದ ಅದು ಅಲ್ಲಿಯೇ ಮಲಗುತ್ತಿತ್ತು. ಬೆಕ್ಕಿಗೂ ನನ್ನ ಮೇಲೆ ಮುನಿಸು ಎಂದು ಬಂದವರಿಗೆಲ್ಲ ತಮಾಷೆ ಮಾಡಿ ಹೇಳುತ್ತಿದ್ದೆ. ಬೆಕ್ಕಿಗೆ ಗೊತ್ತಿತ್ತು. ನನಗೆ ಗೊತ್ತಿರಲಿಲ್ಲ.

ಜೂನಿನಲ್ಲಿ ಬೀದಿಯ ಟ್ರಾನ್ಸ್‌ಫಾರ್ಮರ್ ಢಮಾರ್ ಎಂದು ಸಿಡಿದಿತ್ತು. ಕೌಂಟರಿನ ಮುಚ್ಚಳ ಬಿಚ್ಚಿದಾಗ ಸಿಕ್ಕಿದ್ದು ಅಕ್ಕಿಕಾಳಿನಷ್ಟು ದೊಡ್ಡ ಒಂದು ಫ್ಯೂಸು, ಸುಟ್ಟು ಕಪ್ಪಾಗಿತ್ತು. ಒಲೆಗೂ ಒಲೆಯ ಸೂಚನಾ ದೀಪಕ್ಕೂ ಅದೊಂದೇ ಫ್ಯೂಸು. ಒಲೆ ತಣ್ಣಗಿದ್ದರೆ ದೀಪ ಉರಿಯಬೇಕು, ಬಿಸಿಯಾದರೆ ಆರಬೇಕು. ದೀಪವೂ ಸತ್ತಿದ್ದರಿಂದ ಹದಿನಾಲ್ಕು ತಿಂಗಳು ಅದು ಆರಿಯೇ ಇತ್ತು. ಒಲೆ ಬೆಚ್ಚಗಿದೆ ಎಂದು ನಾನು ನಂಬಿದ್ದೆ.

ಇಷ್ಟೇ ಆಗಿದ್ದರೆ ದುರದೃಷ್ಟ ಎನ್ನಬಹುದಿತ್ತು. ಆದರೆ ನಾನು ಪ್ರತಿ ತಿಂಗಳು ಕೌಂಟರನ್ನು ಪರೀಕ್ಷಿಸುತ್ತಿದ್ದೆನಲ್ಲ! ಮೊದಲು ಅದನ್ನು ಹೋಲಿಸಿ ನೋಡಲು ಮಾಳಿಗೆಯ ಮೇಲೆ ಉಪಗ್ರಹದ ಕರಾರುವಾಕ್ಕಾದ ಸಮಯ ಹಿಡಿಯುವ ಆಂಟೆನಾ ಇತ್ತು. ಉಪ್ಪುಗಾಳಿಗೆ ಅದರ ಕೇಬಲ್ ಕೊಳೆತು ಹೋದಾಗ, ನಾಳೆ ನಾಡಿದ್ದು ಎಂದು ದಿನ ತಳ್ಳಿ, ಪಕ್ಕದಲ್ಲಿದ್ದ, ಬೇಕಾದ ಫ್ರೀಕ್ವೆನ್ಸಿ ಹುಟ್ಟಿಸುವ ಸಿಗ್ನಲ್ ಜನರೇಟರಿನಿಂದಲೇ ಪರೀಕ್ಷೆ ಮಾಡತೊಡಗಿದೆ. ಅದರಲ್ಲಿ ಅದರದೇ ಹರಳಿದೆ, ಎರಡು ಹರಳು ಒಂದೇ ಮಾತು ಹೇಳಿದರೆ ಸಾಲದೇ ಎಂಬುದು ನನ್ನ ವಾದ. ಎರಡೂ ಪ್ರತಿ ಸಲ ಒಂದೇ ಮಾತು ಹೇಳಿದವು, ಕೊನೆಯ ಅಂಕಿಯವರೆಗೂ. ವ್ಯತ್ಯಾಸ ಸೊನ್ನೆ ಎಂದು ನಾನು ಬರೆದೆ.

ಆ ಸಂಜೆ ಮೇಜನ್ನು ಗೋಡೆಯಿಂದ ಎಳೆದು ಹಿಂದೆ ನೋಡಿದೆ. ಕೌಂಟರಿನ ಬೆನ್ನಿನಿಂದ ಜನರೇಟರಿನ ಬೆನ್ನಿಗೆ ಒಂದು ಗೇಣುದ್ದದ ಕಪ್ಪು ಕೇಬಲ್ ಹೋಗಿತ್ತು. ಮೀನು ಕಾರ್ಖಾನೆಯ ಯಾವುದೋ ಕೆಲಸಕ್ಕೆಂದು ಎರಡನ್ನೂ ಒಂದೇ ಮಿಡಿತಕ್ಕೆ ಕಟ್ಟಿದ್ದೆ, ಬಿಚ್ಚಲು ಮರೆತಿದ್ದೆ. ಆ ಕೇಬಲ್ ಇರುವಷ್ಟು ದಿನವೂ ಜನರೇಟರ್ ತನ್ನ ಹರಳನ್ನು ಬಿಟ್ಟು ಕೌಂಟರಿನ ಹರಳನ್ನೇ ಅನುಸರಿಸುತ್ತದೆ. ಕೌಂಟರನ್ನು ಅದರ ಮಿಡಿತದಿಂದಲೇ ಅಳೆದಿದ್ದೆ, ಅಷ್ಟೇ. ಅದು ಎಷ್ಟು ತಪ್ಪಿದ್ದರೂ ತನಗೆ ತಾನು ಸರಿಯಾಗಿಯೇ ಕಾಣುತ್ತದೆ.

ಬೇರೆ ಬೇರೆ ಎರಡು ಹರಳು ಕೊನೆಯ ಅಂಕಿಯವರೆಗೂ ಎಂದೂ ಒಪ್ಪುವುದಿಲ್ಲ. ಕೆಲಸಕ್ಕೆ ಸೇರಿದ ಮೊದಲ ವಾರವೇ ದೋನ್ ಕ್ರಿಸಾಂತೊ ಇದನ್ನು ಹೇಳಿಕೊಟ್ಟಿದ್ದರು. ಮೊದಲ ಸೊನ್ನೆಗೇ ನಾನು ಬೆಚ್ಚಿಬೀಳಬೇಕಿತ್ತು. ಅಷ್ಟೇ ಅಲ್ಲ, ಆ ವರ್ಷ ಬಂದ ಪ್ರತಿಯೊಂದು ರೇಡಿಯೊಗೂ ತಿರುಪು ತಿರುಗಿಸಬೇಕಾಗಿ ಬಂದಿತ್ತು, ಪ್ರತಿಯೊಂದಕ್ಕೂ ಒಂದೇ ದಿಕ್ಕಿಗೆ. ಏನು ಕಳಪೆ ಹರಳು ಹಾಕುತ್ತಾರೋ ಎಂದು ರೇಡಿಯೊ ಮಾಡಿದವರನ್ನೇ ಬೈದಿದ್ದೆ. ಸರಿಯಾಗಿದ್ದ ನಲವತ್ತು ರೇಡಿಯೊಗಳನ್ನು ನನ್ನ ಕೈಯಾರೆ ಕೆಡಿಸಿ, ಮೇಲೆ ಮುದ್ರೆ ಒತ್ತಿ ಕೊಟ್ಟಿದ್ದೆ. ಎಲ್ಲವೂ ಒಂದೇ ಅಳತೆಗೆ ಕೆಟ್ಟಿದ್ದರಿಂದ ಅವರ ಮಾತು ಅವರವರಿಗೆ ಚೆನ್ನಾಗಿಯೇ ಕೇಳುತ್ತಿತ್ತು. ಹಾಗಾಗಿ ಒಬ್ಬರಿಗೂ ಗೊತ್ತಾಗಲಿಲ್ಲ.

ಮಾರನೆಯ ದಿನವೇ ಹೋಗಿ ಹೆರ್ಮೆಲಿಂದಾಳಿಗೆ ಹೇಳಬೇಕಿತ್ತು. ಹೋಗಲಿಲ್ಲ. ಹೆದರಿದೆ. ಹೊಸ ಫ್ಯೂಸು ಹಾಕಿದೆ, ಮಾಳಿಗೆ ಹತ್ತಿ ಆಂಟೆನಾಕ್ಕೆ ಹೊಸ ಕೇಬಲ್ ಎಳೆದೆ, ಒಲೆ ಹದಕ್ಕೆ ಬರಲೆಂದು ಮೂರು ದಿನ ಕಾದೆ. ನಾಲ್ಕನೆಯ ದಿನ ಗೋರ್ದಾ ವಾಪಸು ಬಂದು ಕೌಂಟರಿನ ಮೇಲೆ ಮಲಗಿತು. ಅದನ್ನು ನೋಡಿ ಅತ್ತುಬಿಟ್ಟೆ. ಆಮೇಲೆ ಕಳ್ಳನ ಹಾಗೆ, ಈ ತಿಂಗಳು ರೇಡಿಯೊ ತಪಾಸಣೆ ಉಚಿತ ಎಂದು ಲಾ ಗರ್ಸಾಕ್ಕೆ ಹೇಳಿ ಕಳಿಸಿದೆ. ಸದ್ದಿಲ್ಲದೆ ಎಲ್ಲವನ್ನೂ ಸರಿ ಮಾಡಿಬಿಟ್ಟರೆ ಬೇರೆ ದೋಣಿಗಳಾದರೂ ಉಳಿಯುತ್ತವೆ, ಯಾರಿಗೂ ಏನೂ ಹೇಳಬೇಕಾಗಿಲ್ಲ. ಇಷ್ಟು ನೀಚ ಯೋಚನೆ ನನ್ನ ತಲೆಯಲ್ಲಿ ಎಂಟು ದಿನ ಆರಾಮಾಗಿ ಕೂತಿತ್ತು.

ಮೊದಲು ಮೂರು ದೋಣಿಗಳ ರೇಡಿಯೊ ಬಂದವು. ಸರಿ ಮಾಡಿ ಕೊಟ್ಟೆ. ಮೂರನೆಯ ದಿನ ಅವುಗಳಲ್ಲೊಂದರ ಯಜಮಾನ ಎಲೆಉತೇರಿಯೊ ರೇಡಿಯೊವನ್ನು ಕಂಕುಳಲ್ಲಿ ಹಿಡಿದುಕೊಂಡು ಬಂದು ನನ್ನ ಮೇಜಿನ ಮೇಲೆ ಕುಕ್ಕಿದ.

"ಏನ್ ಮಾಡ್ದೆ ಮಾರಾಯ ಇದಕ್ಕೆ? ಯಾರ ಮಾತು ಕೇಳಿದ್ರೂ ಬಾತುಕೋಳಿ ಕೂಗಿದ ಹಾಗೆ ಕೇಳ್ಸುತ್ತೆ. ನಾನು ಮಾತಾಡಿದ್ರೆ ಅವರಿಗೂ ಹಂಗೇ ಅಂತೆ. ಹುಡುಗ್ರು ನನ್ನನ್ನ ದೋನ್ ಬಾತುಕೋಳಿ ಅಂತಾರೆ!"

"ಈಗಲೇ ಅದು ಸರಿಯಾಗಿರೋದು ಎಲೆಉತೇರಿಯೊ."

"ಸರಿನಾ? ನಿನ್ನ ಸರಿ ನೀನೇ ಇಟ್ಕೋ. ಮೊದಲು ಹೆಂಗಿತ್ತೋ ಹಂಗೆ ಮಾಡ್ಕೊಡು." ಕೂತು ಬೆವರು ಒರೆಸಿಕೊಂಡ. ದನಿ ತಗ್ಗಿಸಿದ. "ನನ್ನದು ಹಾಳಾಗ್ಲಿ. ಹೆರ್ಮೆಲಿಂದಾ ನಿನ್ನೆ ನಮ್ಮನ್ನ ಆರು ಸಲ ಕರೆದ್ಲು. ನಾವು ಮೂರು ದೋಣಿಯವರು ಉತ್ತರ ಕೊಟ್ರೆ ಅವಳಿಗೆ ಅರ್ಥವೇ ಆಗ್ತಿಲ್ಲ. ಗಂಡ ಹೋದಾಗಿಂದ ನನ್ನ ಕಿವಿಯೂ ಹೋಯ್ತು ಅಂತ ರೇಡಿಯೊದಲ್ಲೇ ಅತ್ಲು. ಮೊದಲೇ ಮಲಗಿದ್ಲು ಅಂತ ಹೆಂಗಸ್ರು ಅವಳನ್ನ ಹರ್ಕೊಂಡು ತಿಂತಿದಾರೆ. ಈಗ ಕಿವುಡಿ ಅಂತಲೂ ಶುರು ಮಾಡಿದಾರೆ."

ರೇಡಿಯೊ ಅಲ್ಲೇ ಬಿಟ್ಟು ಎದ್ದೆ. ಎಲೆಉತೇರಿಯೊನನ್ನೂ ಎಬ್ಬಿಸಿ ಹೊರಗೆ ಕಳಿಸಿ ಬೀಗ ಹಾಕಿದೆ.

ಲಾ ಗರ್ಸಾ ಮುಟ್ಟಿದಾಗ ಐದೂವರೆ. ಹೆರ್ಮೆಲಿಂದಾ ಅಡುಗೆಮನೆಯಲ್ಲಿ ರೇಡಿಯೊದ ಮುಂದೆ ಕೂತು ಬಾಳೆಕಾಯಿ ಸುಲಿಯುತ್ತಿದ್ದಳು. ತೆಯೋದುಲೊನ ಟೋಪಿ ರೇಡಿಯೊದ ಮೇಲೆಯೇ ಇತ್ತು.

"ಬನ್ನಿ ಕೊಂಪಾದ್ರೆ," ಎಂದಳು. "ಎಂಟು ದಿನ ಆಯ್ತು. ಠಾಣೆಯವರು ಏನಂದ್ರು?"

ನಿಂತುಕೊಂಡೇ ಎಲ್ಲವನ್ನೂ ಹೇಳಿದೆ. ಒಲೆ, ಫ್ಯೂಸು, ಕೇಬಲ್, ಸೊನ್ನೆ, ಎಂಟು ದಿನದ ಕಳ್ಳತನ, ಯಾವುದನ್ನೂ ಬಿಡಲಿಲ್ಲ. ಗುಂಡಿಯ ಕೂಗು ಠಾಣೆಯವರೆಗೆ ಹೋಗಿತ್ತು, ಆದರೆ ನಾನು ಅದನ್ನು ಇನ್ನೂರ ಹತ್ತು ಕೆಳಗೆ ಇಳಿಸಿಟ್ಟಿದ್ದರಿಂದ ಯಂತ್ರಕ್ಕೆ ಕೇಳಿಸಲಿಲ್ಲ ಎಂದೆ. "ಅವನನ್ನ ಕೊಂದವನು ನಾನು ಕೊಮಾದ್ರೆ. ನೀನಲ್ಲ. ನೀನು ಮಲಗಿದ್ದಕ್ಕೂ ಇದಕ್ಕೂ ಸಂಬಂಧ ಇಲ್ಲ. ಇದನ್ನ ನಾನು ಚರ್ಚಿನ ಮುಂದೆ ನಿಂತು ಎಲ್ಲರಿಗೂ ಹೇಳ್ತೀನಿ."

ಅವಳು ಚಾಕುವನ್ನು ಕೆಳಗಿಟ್ಟಳು. ಬೈಯಲಿ, ತಟ್ಟೆ ಎಸೆಯಲಿ ಎಂದು ಕಾಯುತ್ತಿದ್ದೆ.

"ಹಾಗಾದ್ರೆ ಠಾಣೆಗೆ ಅವ್ರ ಮಾತು ಕೇಳ್ತಿರ್ಲಿಲ್ಲ," ಎಂದಳು, ಲೆಕ್ಕ ಹಾಕುವವಳ ಹಾಗೆ ನಿಧಾನವಾಗಿ. "ಹಡಗಿನವರಿಗೂ ಕೇಳ್ತಿರ್ಲಿಲ್ಲ."

"ಇಲ್ಲ."

"ನಮ್ಮ ಬೇರೆ ದೋಣಿಗಳು?"

"ಆ ಹೊತ್ತಿಗೆ ಬ್ಯಾಟರಿ ಉಳಿಸೋಕೆ ಎಲ್ರೂ ಆರಿಸಿರ್ತಾರೆ. ನಿಂಗೇ ಗೊತ್ತಲ್ಲ."

"ನನ್ನ ರೇಡಿಯೊನೂ ನೀವೇ ಸರಿ ಮಾಡಿದ್ದು. ಅದೂ ಇನ್ನೂರ ಹತ್ತು ಕೆಳಗಿದೆ."

"ಹೌದು."

"ಅಂದ್ರೆ ಇಡೀ ಲೋಕದಲ್ಲಿ ಅವತ್ತು ಅವರ ಕೂಗು ಕೇಳಿಸ್ಕೊಳ್ಳೋ ಹಾಗಿದ್ದದ್ದು ಈ ಒಂದೇ ರೇಡಿಯೊ." ನನ್ನ ಮುಖ ನೋಡಿದಳು. "ಇದನ್ನ ಆರಿಸಿ ನಾನು ಮಲಗಿದ್ದೆ."

ಅವಳ ಹೆಗಲಿನ ಭಾರ ಇಳಿಸಲು ಬಂದಿದ್ದೆ. ಇದ್ದ ಭಾರದ ಮೇಲೆ ಇನ್ನೊಂದು ಹೊರಿಸಿ ನಿಂತಿದ್ದೆ. ಇಲ್ಲಿಯವರೆಗೆ ಅವಳಿಗೆ ಸಂಶಯವಾದರೂ ಇತ್ತು. ಯಾರೋ ಬೇರೆಯವರೂ ಕೇಳಬಹುದಿತ್ತು, ಯಾರೋ ಬೇರೆಯವರೂ ತಪ್ಪಿದರು ಎಂಬ ಸಂಶಯ. ಅದನ್ನೂ ನಾನು ಕಿತ್ತುಕೊಂಡೆ.

"ಕೊಮಾದ್ರೆ, ಹಾಗಲ್ಲ ಅದು..."

"ಹಾಗೇ ಅದು. ಲೆಕ್ಕ ನಿಮ್ಮದು, ನೀವೇ ಹೇಳಿದ್ದು."

ಏನಾದರೂ ಮಾಡಬೇಕು ಎಂದು ಕೈ ಚಡಪಡಿಸಿತು. ಚೀಲದಿಂದ ಸ್ಕ್ರೂಡ್ರೈವರ್ ತೆಗೆದೆ. ಇದನ್ನಾದರೂ ಸರಿ ಮಾಡಿಕೊಡುತ್ತೇನೆ, ನಾಳೆಯಿಂದ ಎಲ್ಲ ದೋಣಿಗಳನ್ನೂ ಸರಿ ಮಾಡುತ್ತೇನೆ, ಎಲ್ಲರ ಮಾತೂ ನಿನಗೆ ಮೊದಲಿನ ಹಾಗೆ ಕೇಳುತ್ತದೆ ಎಂದು ಬಡಬಡಿಸುತ್ತ ರೇಡಿಯೊದ ಹಿಂದಿನ ತಿರುಪಿಗೆ ಕೈ ಹಾಕಿದೆ. ಅವಳು ನನ್ನ ಮಣಿಕಟ್ಟು ಹಿಡಿದಳು.

"ಮುಟ್ಟಬೇಡ."

ಇಪ್ಪತ್ತೆರಡು ವರ್ಷದಲ್ಲಿ ಅವಳು ನನ್ನನ್ನು ಏಕವಚನದಲ್ಲಿ ಕರೆದದ್ದು ಅದೇ ಮೊದಲು.

"ಬೇರೆಯವರದೆಲ್ಲ ಸರಿ ಮಾಡು. ಅವರ ಹೆಂಡ್ತಿ ಮಕ್ಕಳಿದಾರೆ, ಮಾಡ್ಲೇಬೇಕು. ಇದನ್ನ ಮುಟ್ಟಬೇಡ ನೊಲ್ಬೆರ್ತೊ. ಅವ್ರ ರೇಡಿಯೊ ಹಳೇ ಲೆಕ್ಕದಲ್ಲೇ ಇದೆ. ಇದನ್ನ ನೀನು ಮೇಲಕ್ಕೆ ಎತ್ತಿದ್ರೆ ಅವ್ರು ಕರೆದಾಗ ನನಗೆ ಹೇಗೆ ಕೇಳ್ಸುತ್ತೆ?"

"ತೆಯೋದುಲೊ ಸತ್ತಿದಾನೆ, ಕೊಮಾದ್ರೆ."

"ಗೊತ್ತು," ಎಂದಳು. "ನಾನೇನು ಹುಚ್ಚಿಯಲ್ಲ."

ಆರು ಗಂಟೆಯಾಯಿತು. ಅವಳು ಮೈಕ್ ಎತ್ತಿಕೊಂಡಳು. ನಾನು ಬಾಗಿಲ ಹತ್ತಿರ ನಿಂತಿದ್ದೆ. ಅವಳು ತಿರುಗಿ ನೋಡಲಿಲ್ಲ.

ಮುಂದಿನ ಭಾನುವಾರ ಚರ್ಚಿನ ಮುಂದೆ ನಿಂತು ಹೇಳಿದೆ. ಸಾಂತೋಸ್ ಮುಖಕ್ಕೆ ಉಗಿದ. ಒಳ್ಳೆಯದಾಯಿತು ಎನಿಸಿತು. ಆದರೂ ರೇಡಿಯೊಗಳು ಬಂದವು, ಯಾಕೆಂದರೆ ಪೈತಾದಲ್ಲಿ ಬೇರೆ ಕೌಂಟರ್ ಇಲ್ಲ. ಒಂದೂವರೆ ತಿಂಗಳಲ್ಲಿ ಮೂವತ್ತೊಂಬತ್ತನ್ನೂ ಸರಿ ಮಾಡಿದೆ, ದಡದ ಹೆಂಗಸರ ರೇಡಿಯೊಗಳನ್ನೂ. ಒಂದೊಂದನ್ನೂ ಠಾಣೆಗೆ ಫೋನು ಹಚ್ಚಿ ಇಪನಾಕೆಯ ಕಿವಿಯಿಂದ ಖಾತ್ರಿ ಮಾಡಿಕೊಂಡೆ. ಈಗ ಅವರೆಲ್ಲ ಮೊದಲಿನಂತೆಯೇ ಹರಟುತ್ತಾರೆ, ನಗುತ್ತಾರೆ, ಸರಿಯಾದ ಜಾಗದಲ್ಲಿ. ಆರು ಗಂಟೆಗೆ ಅವರನ್ನು ಕರೆಯುವುದು ಎಲೆಉತೇರಿಯೊನ ಹೆಂಡತಿ. ಹೆರ್ಮೆಲಿಂದಾಳ ದನಿ ಮೊದಮೊದಲು ಅವರಿಗೆ ಬಾತುಕೋಳಿಯಂತೆ ಕೇಳುತ್ತಿತ್ತು. ದೋಣಿಯ ರೇಡಿಯೊದ ಗುಬುಟು ಅಷ್ಟು ಕೆಳಗೆ ತಿರುಗುವುದಿಲ್ಲ. ಬೇಜಾರಾಗಿ ಅದನ್ನೊಂದು ಗದ್ದಲವೆಂದೇ ಬಿಟ್ಟುಬಿಟ್ಟರು.

ನನ್ನ ವರ್ಕ್‌ಶಾಪಿನ ರಿಸೀವರ್ ಎಲ್ಲಿಗೆ ಬೇಕಾದರೂ ತಿರುಗುತ್ತದೆ. ಸಂಜೆ ಆರಕ್ಕೆ ಬಾಗಿಲು ಹಾಕಿಕೊಂಡು ಇನ್ನೂರ ಹತ್ತು ಕೆಳಗೆ ಇಳಿಸಿ ಕೂರುತ್ತೇನೆ. ಅಲ್ಲಿ ಈಗ ಯಾರೂ ಇಲ್ಲ, ಅವಳೊಬ್ಬಳ ಹೊರತು. ದನಿ ಸ್ಪಷ್ಟವಾಗಿ ಬರುತ್ತದೆ, ಪಕ್ಕದ ಕೋಣೆಯಲ್ಲಿ ಮಾತಾಡಿದಷ್ಟು. ಪೋರ್ಫಿಯಾ, ಪೋರ್ಫಿಯಾ ಎಂದು ಮೂರು ಸಲ ಕರೆಯುತ್ತಾಳೆ. ಗಾಳಿ ಎತ್ತಲಿಂದ ಎಂದು ಹೇಳುತ್ತಾಳೆ. ಸುಲ್ಲಾನಾದಲ್ಲಿರುವ ಬಸುರಿ ಮಗಳಿಗೆ ಈಗ ಐದು ತಿಂಗಳು ಎಂದು ಹೇಳುತ್ತಾಳೆ. ಕಾಯುತ್ತಾಳೆ. ನನ್ನ ಬೆರಳು ಮೈಕಿನ ಮೇಲಿರುತ್ತದೆ, ಒತ್ತುವುದಿಲ್ಲ. ಒತ್ತಿ ಏನು ಹೇಳಲಿ?

ಕೊನೆಗೆ ಅವಳು ದಿನವೂ ಹೇಳುವುದು ಒಂದೇ ಮಾತು.

"ಇಲ್ಲೇ ಇದೀನಿ ಕಣ್ರೀ. ಆರಿಸಿಲ್ಲ."